ಕೈಯಿಂದ ಮಾಡಿದ ಒಡವೆಗೆ ನ್ಯಾಯದ ಬೆಲೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನಡೆದ ಮಹಿಳೆಯರ ಹಾಗೂ ವಿದ್ಯಾರ್ಥಿನಿಯರ ಗೋಷ್ಠಿಯಲ್ಲಿ ಮಾಡಿದ ಭಾಷಣ)



'ಸ್ವಯಂ ಉದ್ಯೋಗ' ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಸಂಘದವರು ನನಗೆ ಹೇಳಿದ್ದರು. ಅದು ದೊಡ್ಡ ವಿಷಯ. ನಾನು ಉರ್ದು, ಕನ್ನಡ ಕಲಿಸುವ ಶಾಲಾ ಶಿಕ್ಷಕಿ. ಬಿ.ಎಡ್. ಓದಿದವಳೇ ಹೊರತು ವ್ಯಾಪಾರ ಶಾಸ್ತ್ರ ಓದಿದವಳಲ್ಲ. ಆದ್ದರಿಂದ ಏನು ಮಾತನಾಡಲಿ ಎಂದು ಯೋಚಿಸುತ್ತಲೇ ಬಂದೆ. ಬೆಳಿಗ್ಗೆ ಈ ಸಭಾಂಗಣದ ಬಾಗಿಲಲ್ಲೇ ನನಗೆ ಉತ್ತರ ಸಿಕ್ಕಿತು.

ಹೊರಗೆ ನಮ್ಮ ಹೆಣ್ಣುಮಕ್ಕಳು ತಾವೇ ಮಾಡಿದ ರೇಷ್ಮೆ ದಾರದ ಬಳೆ, ಜುಮುಕಿ, ಮಣಿಸರ ಇಟ್ಟುಕೊಂಡು ಕುಳಿತಿದ್ದಾರೆ. ಹಸಿರು ಬಳೆಯ ಒಂದು ಜೊತೆ ಕೈಗೆತ್ತಿಕೊಂಡು, 'ಎಷ್ಟಮ್ಮ ಇದು?' ಎಂದು ಕೇಳಿದೆ. ಆ ಹುಡುಗಿ ತಲೆ ತಗ್ಗಿಸಿ, 'ನೀವೇ ನೋಡಿ ಕೊಡ್ರಿ ಟೀಚರ್' ಎಂದಳು. ದಾರದ ಹೆಸರು ಕೇಳಿದರೆ ಹೇಳಿದಳು. ಯಾವ ಗೋಂದು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂದು ಹೇಳಿದಳು. ಎಲ್ಲ ಗೊತ್ತಿದ್ದ ಹುಡುಗಿಗೆ ತನ್ನ ಕೆಲಸದ ಬೆಲೆ ಮಾತ್ರ ಗೊತ್ತಿರಲಿಲ್ಲ. ಇವತ್ತು ನಾನು ಆ ಒಂದು ಮಾತಿನ ಬಗ್ಗೆಯೇ ಮಾತನಾಡುತ್ತೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ಬಿ.ಎಡ್. ಮುಗಿಸಿ ನೌಕರಿಗಾಗಿ ಕಾಯುತ್ತಿದ್ದ ಕಾಲದಲ್ಲಿ ನಾನೂ ನಮ್ಮ ಆಪಾನೂ ಇದೇ ದಾರದ ಬಳೆ ಮಾಡಿ ಒಂದು ಅಂಗಡಿಗೆ ಕೊಡುತ್ತಿದ್ದೆವು. ಸಾಮಾನಿಗೆ ಎಷ್ಟು ಖರ್ಚಾಯಿತು ಎಂದು ನೋಡುತ್ತಿದ್ದೆವು, ಅದರ ಮೇಲೆ ಹತ್ತಿಪ್ಪತ್ತು ರೂಪಾಯಿ ಇಟ್ಟು ಕೊಡುತ್ತಿದ್ದೆವು. ಆ ವರ್ಷದ ರಂಜಾನ್ ತಿಂಗಳಲ್ಲಿ ರಾತ್ರಿ ಸಹರಿಯ ತನಕ ಕುಳಿತು ಮಾಡಿದೆವು. ಹಬ್ಬ ಮುಗಿದ ಮೇಲೆ ಲೆಕ್ಕ ಹಾಕಿದರೆ ಕೈಯಲ್ಲಿ ಉಳಿದದ್ದು ಕನ್ನಡಕದ ದುಡ್ಡಿಗೂ ಸಾಲಲಿಲ್ಲ. ಆಪಾನ ಕಣ್ಣಿಗೆ ಕನ್ನಡಕ ಬಂದದ್ದು ಅದೇ ವರ್ಷ. ನಮ್ಮ ಬಳೆಗಳನ್ನು ಅಂಗಡಿಯವರು ಬಹಳ ಹೆಚ್ಚಿನ ದರಕ್ಕೆ ಮಾರುತ್ತಿದ್ದರು ಎಂದು ತಿಳಿದಾಗ ಸಿಟ್ಟು ಬಂತು. ಆದರೆ ಬೆಲೆ ಹೇಳಿದವರು ಯಾರು? ನಾವೇ. ಅವರು ನಾವು ಹೇಳಿದ್ದನ್ನು ಕೊಟ್ಟರು, ಅಷ್ಟೇ. ಆಪಾ ಆ ಕೆಲಸ ಬಿಟ್ಟಳು, ಮತ್ತೆ ಮುಟ್ಟಲಿಲ್ಲ. ಅವಳ ಕೈ ನನ್ನ ಕೈಗಿಂತ ಎಷ್ಟೋ ಚೆನ್ನಾಗಿತ್ತು. ಬೆಲೆ ಕಟ್ಟಲು ಬಾರದೆ ಒಂದು ಒಳ್ಳೆಯ ಕೈ ಮನೆಯಲ್ಲಿ ಸುಮ್ಮನೆ ಕುಳಿತಿತು. ನಮ್ಮ ನಾಲ್ಕು ತಾಲೂಕುಗಳಲ್ಲಿ ಇಂಥ ಕೈಗಳು ಎಷ್ಟಿವೆಯೋ!

ನಾವು ಎಡವಿದ್ದು ಎಲ್ಲಿ? ಶಾಲೆಯಲ್ಲಿ ಕಲಿಸುವ ಲಾಭ ನಷ್ಟದ ಲೆಕ್ಕ ನೆನಪು ಮಾಡಿಕೊಳ್ಳಿ. ಒಬ್ಬ ವ್ಯಾಪಾರಿ ಒಂದು ವಸ್ತುವನ್ನು 100 ರೂಪಾಯಿಗೆ ಕೊಂಡು 120ಕ್ಕೆ ಮಾರಿದರೆ ಲಾಭ 20. ಅದು ಕೊಂಡು ಮಾರುವವನ ಲೆಕ್ಕ, ಮಾಡಿ ಮಾರುವವರ ಲೆಕ್ಕವಲ್ಲ. ಅದರಲ್ಲಿ ಕೊಂಡ ಬೆಲೆ ಇದೆ, ಮಾರಿದ ಬೆಲೆ ಇದೆ, ಕೈಯ ಬೆಲೆ ಇಲ್ಲ. ನಾವು ಆ ಲೆಕ್ಕವನ್ನೇ ಬಳೆಗೂ ಹಾಕಿದೆವು. ಕೂಲಿಯನ್ನೇ ಲಾಭ ಎಂದು ತಿಳಿದೆವು.

ದಾಂಡೇಲಿಯವರಿಗೆ ನಾನು ಕೂಲಿಯ ಪಾಠ ಹೇಳಬೇಕಾಗಿಲ್ಲ. 1950ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದ ಮೇಲೆ ಈ ಊರಿನ ಮನೆಮನೆಗೂ ಪಾಳಿ ಎಂದರೇನು, ಓವರ್‌ಟೈಮ್ ಎಂದರೇನು, ಬೋನಸ್ ಎಂದರೇನು ಎಂದು ಗೊತ್ತು. ಎಂಟು ಗಂಟೆ ಮೀರಿ ಒಂದು ಗಂಟೆ ದುಡಿದರೂ ಗಂಡಸರು ಲೆಕ್ಕ ಕೇಳುತ್ತಾರೆ, ಕೇಳಬೇಕು. ಅದೇ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ಹೆಂಗಸು ಸೂಜಿ ದಾರ ಹಿಡಿದು ಕುಳಿತರೆ ಅದಕ್ಕೆ ಪಾಳಿ ಇಲ್ಲ, ಹಾಜರಿ ಇಲ್ಲ. 'ಖಾಲಿ ಕೂತಿದ್ದಳು, ಏನೋ ಮಾಡಿಕೊಂಡಳು' ಎನ್ನುತ್ತೇವೆ. ಕೂಲಿಕಾರನ ಬೆವರು ಆರುವ ಮುಂಚೆ ಅವನ ಕೂಲಿ ಕೊಡಬೇಕೆಂದು ಚಿಕ್ಕಂದಿನಿಂದ ಕೇಳಿದ್ದೇವೆ. ಮನೆಯೊಳಗಿನ ಬೆವರೂ ಬೆವರೇ.

ಹೀಗೆ ಮನೆಯಲ್ಲೇ ಕುಳಿತು ದುಡಿಯುವ ಹೆಂಗಸರನ್ನು ಕಾರ್ಮಿಕರೆಂದು ಎಣಿಸಬೇಕೆಂದು ಹೋರಾಡಿದವರಲ್ಲಿ ಇಳಾ ಭಟ್ ಅವರ ಹೆಸರು ದೊಡ್ಡದು. ಅವರು 1972ರಲ್ಲಿ ಅಹಮದಾಬಾದಿನಲ್ಲಿ 'ಸೇವಾ' ಸಂಘಟನೆ ಕಟ್ಟಿದರು. ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು, ಬಟ್ಟೆ ಹೊಲಿಯುವವರು ಅದರಲ್ಲಿ ಸೇರಿದರು. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಮನೆಗೆಲಸದ ಉತ್ಪಾದಕರಿಗಾಗಿ ಒಂದು ಒಡಂಬಡಿಕೆ ಮಾಡಿತು. ಅಂದರೆ ಇದು ನಮ್ಮ ಊರಿನ ಸಂಕೋಚ ಮಾತ್ರವಲ್ಲ, ಜಗತ್ತಿನ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿನಿಯರು ದಯವಿಟ್ಟು ಬರೆದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ನೀವು ಹಾಕಿಕೊಳ್ಳಿ.

ನಾಲ್ಕು ಬಳೆಯ ಒಂದು ಸೆಟ್ ಎಂದುಕೊಳ್ಳೋಣ. ಪ್ಲಾಸ್ಟಿಕ್ ಬಳೆಗೆ 12 ರೂಪಾಯಿ, ರೇಷ್ಮೆ ದಾರಕ್ಕೆ 14, ಕಲ್ಲಿನ ಚೈನಿಗೆ 16, ಗೋಂದಿಗೆ 6. ಒಟ್ಟು ಸಾಮಾನು 48. ಡಬ್ಬಿಗೆ 8, ಸಾಮಾನು ತರಲು ಹೋದ ಬಸ್ಸಿನ ಖರ್ಚಿನ ಪಾಲು 6, ಕತ್ತರಿ ಇಕ್ಕಳ ಸವೆದದ್ದಕ್ಕೆ 2. ಇಲ್ಲಿಗೆ 64 ಆಯಿತು. ಹತ್ತರಲ್ಲಿ ಒಂದು ಸೆಟ್ ಕೆಡುತ್ತದೆ, ಅದಕ್ಕೆ 5 ಸೇರಿಸಿ. 69 ರೂಪಾಯಿ. ಇದು ನಮ್ಮ ಅಸಲು. ಇದನ್ನು 90ಕ್ಕೆ ಮಾರಿದರೆ 21 ರೂಪಾಯಿ ಉಳಿಯಿತು ಎಂದು ಸಂತೋಷಪಡುತ್ತೇವೆ. ಆದರೆ ಅದನ್ನು ಮಾಡಲು ಪಳಗಿದ ಕೈಗೂ ಎರಡು ಗಂಟೆ ಬೇಕು. ಗಂಟೆಗೆ ಹತ್ತೂವರೆ ರೂಪಾಯಿ!

ಹಾಗಾದರೆ ಗಂಟೆಗೆ ಎಷ್ಟು ಇಡಬೇಕು? ನಮಗೊಂದು ಅಳತೆಗೋಲು ಬೇಕು. 2025-26ರ ಸಾಲಿಗೆ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46. ಮಣ್ಣು ಹೊರುವ ಕೆಲಸಕ್ಕೆ ಸರಕಾರ ಇಟ್ಟ ದರ ಅದು. ಅದಕ್ಕಿಂತ ಕಡಿಮೆಗೆ ನಮ್ಮ ಕೈಯನ್ನು ಮಾರಬಾರದು. ಎರಡು ಗಂಟೆಗೆ 92 ಕೂಲಿ. 69ಕ್ಕೆ 92 ಸೇರಿಸಿದರೆ 161. ಇದರ ಮೇಲೆ ನೂರಕ್ಕೆ 15ರಂತೆ 24 ರೂಪಾಯಿ ಲಾಭ. ಲಾಭ ಏಕೆ ಬೇಕು? ಮುಂದಿನ ಸಾಮಾನು ತರಲು, ಮಾರದೆ ಉಳಿದದ್ದನ್ನು ತಡೆದುಕೊಳ್ಳಲು. ಒಟ್ಟು 185. ಇದು ಅಂಗಡಿಗೆ ಕೊಡುವ ದರ. ಅಂಗಡಿಯವರು ಬಾಡಿಗೆ, ದೀಪದ ಬಿಲ್ಲು ನೋಡಿಕೊಂಡು ಮೂವತ್ತರಷ್ಟು ಸೇರಿಸಿ 240ಕ್ಕೆ ಮಾರಲಿ, ಅದು ಅವರ ಕೂಲಿ. ನೀವೇ ಸಂತೆಯಲ್ಲಿ ಕುಳಿತು ಮಾರಿದರೂ 240ಕ್ಕೇ ಮಾರಿ. ಏಕೆಂದರೆ ಸಂತೆಯಲ್ಲಿ ಕುಳಿತದ್ದೂ ದುಡಿಮೆಯೇ. ಮತ್ತೆ, ಅಂಗಡಿಗೆ ಕೊಟ್ಟು ಅದರ ಮುಂದೆಯೇ ಕಡಿಮೆಗೆ ಮಾರುವುದು ಒಳ್ಳೆಯ ನಡತೆಯೂ ಅಲ್ಲ.

ಇಲ್ಲಿ ಒಂದು ಮುಖ್ಯವಾದ ಪ್ರಶ್ನೆ ಬರುತ್ತದೆ. ಕೈ ಪಳಗಿದ ಹಾಗೆ ಬೆಲೆ ಏನಾಗಬೇಕು?

ಹೊಸದಾಗಿ ಕಲಿಯುವ ಹುಡುಗಿಗೆ ಇದೇ ಸೆಟ್‌ಗೆ ಐದು ಗಂಟೆ ಬೇಕಾಗುತ್ತದೆ. ಐದು ಗಂಟೆಗೆ 230 ರೂಪಾಯಿ ಕೂಲಿ ಹಾಕಬಹುದೇ? ಹಾಕಬಾರದು. ನಾವು ಕಲಿಯುವ ಖರ್ಚನ್ನು ಕೊಳ್ಳುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪಳಗಿದ ಕೈಗೆ ಎಷ್ಟು ಹೊತ್ತು ಬೇಕೋ ಅಷ್ಟನ್ನೇ, ಅಂದರೆ ಎರಡು ಗಂಟೆಯನ್ನೇ ಹಿಡಿಯಬೇಕು. ಆಗ ಅವಳಿಗೆ ಗಂಟೆಗೆ 18 ರೂಪಾಯಿ ಬೀಳುತ್ತದೆ. ಅದು ಕಲಿಕೆಯ ಕಾಲ, ಸಹಿಸಿಕೊಳ್ಳಬೇಕು. ದಾರದ ನಡುವೆ ಸಂದು ಬಿದ್ದದ್ದು, ಗೋಂದಿನ ಕಲೆ ಕಾಣುವುದು ಇದ್ದರೆ ಅದನ್ನು ಬೇರೆ ಇಟ್ಟು, 'ಇದರಲ್ಲಿ ಇಷ್ಟು ಊನ ಇದೆ' ಎಂದು ಹೇಳಿ ಕಡಿಮೆಗೆ ಕೊಡಬೇಕು. ಊನ ಮುಚ್ಚಿ ಮಾರಿದರೆ ಅಳತೆ ತೂಕದಲ್ಲಿ ಮೋಸ ಮಾಡಿದ ಹಾಗೆಯೇ.

ಆರು ತಿಂಗಳ ಮೇಲೆ ಅವಳು ಎರಡು ಗಂಟೆಗೆ ಬಂದಳು. ಈಗ ಪೂರ್ತಿ 46 ಸಿಗುತ್ತದೆ. ಒಂದು ವರ್ಷದ ಮೇಲೆ ಒಂದೂಕಾಲು ಗಂಟೆಯಲ್ಲೇ ಮುಗಿಸುತ್ತಾಳೆ. ಇಲ್ಲಿಯೇ ನಮ್ಮವರು ಮೋಸಹೋಗುವುದು. 'ಈಗ ಬೇಗ ಆಗುತ್ತದಲ್ಲ, ಕಡಿಮೆ ಮಾಡು' ಎಂದು ಕೊಳ್ಳುವವರು ಕೇಳುತ್ತಾರೆ, ನಾವೂ ಸಂಕೋಚಪಟ್ಟು ಕಡಿಮೆ ಮಾಡುತ್ತೇವೆ. ಅಂದರೆ ಕೆಲಸ ಚೆನ್ನಾಗಿ ಕಲಿತದ್ದಕ್ಕೆ ದಂಡ! ಹಾಗೆ ಮಾಡಬೇಡಿ. ಬಳೆ ಅದೇ, ಕೂಲಿ ಅದೇ 92. ಒಂದೂಕಾಲು ಗಂಟೆಗೆ ಹಂಚಿದರೆ ಗಂಟೆಗೆ 73 ರೂಪಾಯಿಗೂ ಮೇಲೆ. ಕಲಿಯುವಾಗ ಅವಳು ಬಿಟ್ಟುಕೊಟ್ಟದ್ದು ಈಗ ತಿರುಗಿ ಬರುತ್ತಿದೆ, ಅಷ್ಟೇ. ಅದು ಅವಳ ಹಕ್ಕು.

ಇನ್ನೊಂದು ಮೆಟ್ಟಿಲು ಇದೆ. ಸೀರೆಯ ಅಂಚು ನೋಡಿ ಬಣ್ಣ ಕೂಡಿಸುವುದು, ಮದುವಣಗಿತ್ತಿಯ ಪೂರ್ತಿ ಸೆಟ್ ಮಾಡುವುದು, ಎರಡು ವರ್ಷ ಹಾಕಿದರೂ ದಾರ ಬಿಚ್ಚದ ಹಾಗೆ ಕಟ್ಟುವುದು ಎಲ್ಲರಿಗೂ ಬರುವುದಿಲ್ಲ. ಆ ಮಟ್ಟಕ್ಕೆ ಬಂದಾಗ ಗಂಟೆಯ ದರವನ್ನೇ ಏರಿಸಬೇಕು. 46 ಇದ್ದದ್ದು 60 ಆಗಲಿ, ನಂತರ 80 ಆಗಲಿ. ಮನೆ ಕಟ್ಟುವಾಗ ಗೌಂಡಿಗೆ ಒಂದು ಪಗಾರ, ಕೈಯಾಳಿಗೆ ಒಂದು ಪಗಾರ ಕೊಡುವುದಿಲ್ಲವೇ? ನೆನ್ನೆಯ ಕೈಯಾಳು ಇವತ್ತು ಗೌಂಡಿಯಾದರೆ ಯಾರೂ ಹಳೆಯ ಪಗಾರಕ್ಕೆ ಕರೆಯುವುದಿಲ್ಲ. ಸೂಜಿ ದಾರಕ್ಕೂ ಅದೇ ನ್ಯಾಯ.

ಬಂಗಾರದ ಅಂಗಡಿಯಲ್ಲಿ ನಾವು ಹೇಗಿರುತ್ತೇವೆ ನೋಡಿ. ತೂಕದ ದುಡ್ಡು ಬೇರೆ, ಮಜೂರಿ ಬೇರೆ, ಸವಕಳಿ ಬೇರೆ. ಮಜೂರಿ ಸ್ವಲ್ಪ ಕಡಿಮೆ ಮಾಡಿ ಎನ್ನುತ್ತೇವೆಯೇ ಹೊರತು ಮಜೂರಿಯೇ ಬೇಡ ಎನ್ನುವುದಿಲ್ಲ. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಗಿ ಜಾರಿಗೆ ಬಂತು. ಆ ಮುದ್ರೆ ಬಂಗಾರ ಎಷ್ಟು ಶುದ್ಧ ಎಂದು ಹೇಳುತ್ತದೆ. ಕೈಕೆಲಸ ಎಷ್ಟು ಚೆನ್ನ ಎಂದು ಯಾವ ಮುದ್ರೆಯೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕೆಲಸ ಮಾಡಿದವರೇ.

ನಮ್ಮ ಬೀದರಿನ ಬಿದ್ರಿ ಕೆಲಸ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಮಣ್ಣು ಹಾಕಿ ಕಪ್ಪು ಮಾಡುತ್ತಾರೆ. ಸತು ಅಗ್ಗದ ಲೋಹ, ಬೆಳ್ಳಿಯೂ ಎಳೆಯಷ್ಟೇ. ಉಳಿದದ್ದೆಲ್ಲ ಕೈ. ಆ ಕಲೆಯ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸತುವಿನ ದರಕ್ಕೆ ಯಾರಾದರೂ ಬಿದ್ರಿ ಕೇಳುತ್ತಾರೆಯೇ?

ಅಷ್ಟು ದೂರ ಹೋಗುವುದೂ ಬೇಡ. ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ತಾಯಂದಿರ ಕೌದಿ ನಿಮಗೆಲ್ಲ ಗೊತ್ತು. ಹಳೆಯ ಸೀರೆ, ಹಳೆಯ ಬಟ್ಟೆಯ ತುಂಡು ಸೇರಿಸಿ ಮನೆಯ ಮಕ್ಕಳಿಗಾಗಿ ಹೊಲಿಯುತ್ತಿದ್ದರು, ಮೂಲೆಗೆ ಹೂವು ಎಂದು ಪುಟ್ಟ ಬಟ್ಟೆ ಮಡಚಿ ಇಡುತ್ತಿದ್ದರು. ಮನೆಯೊಳಗೆ ಇದ್ದಾಗ ಅದಕ್ಕೆ ಬೆಲೆಯ ಮಾತೇ ಇರಲಿಲ್ಲ. ಈಗ ಆ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೂ ಹೋಗಿವೆ. ಬಟ್ಟೆ ಹಳೆಯದು, ಸಾಮಾನಿನ ಲೆಕ್ಕ ಹಾಕಿದರೆ ಬೆಲೆ ಸೊನ್ನೆ. ಆದ್ದರಿಂದ ಅಲ್ಲಿ ಬೆಲೆ ಎಂದರೆ ಪೂರ್ತಿ ಕೈಯ ಬೆಲೆಯೇ. ಸಾಮಾನಿನ ಮೇಲೆ ಹತ್ತಿಪ್ಪತ್ತು ಇಡುವ ನಮ್ಮ ಪದ್ಧತಿ ಎಷ್ಟು ತಪ್ಪು ಎಂದು ತಿಳಿಯಲು ಕೌದಿಯೊಂದೇ ಸಾಕು.

ಇನ್ನು ದರ ಏರಿಸುವುದು ಹೇಗೆ ಎಂದು ಕೇಳಬಹುದು. ನನಗೆ ತಿಳಿದ ನಾಲ್ಕು ಮಾತು ಹೇಳುತ್ತೇನೆ.

ಒಂದು, ಮುಂಗಡ ಪಡೆದ ಆರ್ಡರನ್ನು ಹಳೆಯ ದರಕ್ಕೇ ಮುಗಿಸಿ ಕೊಡಿ. ಕೊಟ್ಟ ಮಾತು ತಿರುಗಿಸಬೇಡಿ. ಮದುವೆ ಸೆಟ್‌ಗೆ ಅರ್ಧ ದುಡ್ಡು ಮುಂಗಡ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಎರಡು, ಹೊಸ ದರವನ್ನು ಹೊಸ ವಿನ್ಯಾಸಕ್ಕೆ ಮೊದಲು ಹಾಕಿ. ಹಳೆಯ ಸಾದಾ ಬಳೆ ಹಳೆಯ ದರದಲ್ಲೇ ಇರಲಿ. ಕಡಿಮೆ ದುಡ್ಡಿನವರಿಗೂ ನಿಮ್ಮ ಬುಟ್ಟಿಯಲ್ಲಿ ಒಂದು ವಸ್ತು ಇರಬೇಕು.

ಮೂರು, ಹಬ್ಬದ ಹಿಂದಿನ ದಿನ ಜನರ ಅವಸರ ನೋಡಿ ಏರಿಸಬೇಡಿ. ಒಂದು ತಿಂಗಳು ಮುಂಚೆ ಹೇಳಿ. ದರವನ್ನು ಚೀಟಿಯಲ್ಲಿ ಬರೆದು ಕಟ್ಟಿ. ಪರಿಚಯದವರಿಗೊಂದು, ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ ಬಂದ ಪ್ರವಾಸಿಗೊಂದು, ಮುಂಡಗೋಡದ ಟಿಬೆಟನ್ ಕಾಲನಿ ನೋಡಲು ಬಂದವರಿಗೊಂದು ದರ ಬೇಡ. ಹೊರಗಿನವರಿಗೆ ಮೂರು ಪಟ್ಟು ಹೇಳಿದರೆ ಒಂದು ದಿನ ಲಾಭ, ಊರಿಗೆ ಯಾವಾಗಲೂ ಕೆಟ್ಟ ಹೆಸರು.

ನಾಲ್ಕು, ಸುಳ್ಳು ಹೇಳಬೇಡಿ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇರುವುದಿಲ್ಲ. ತಾಮ್ರ, ನಿಕಲ್, ಸತು ಇರುತ್ತದೆ. ನಿಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕಿವಿ ಕೆರೆದು ಹುಣ್ಣಾಗುತ್ತದೆ. ಕಿವಿಯ ಕೊಂಡಿ ಯಾವ ಲೋಹದ್ದು ಎಂದು ಕೇಳಿ ತನ್ನಿ, ಕೊಳ್ಳುವವರಿಗೂ ಹೇಳಿ. 'ಬಣ್ಣ ಹೋಗುವುದೇ ಇಲ್ಲ' ಎಂದು ಆಣೆ ಮಾಡಬೇಡಿ, 'ನೀರು ತಾಗಿಸಬೇಡಿ' ಎಂದು ಹೇಳಿ. ನ್ಯಾಯದ ಬೆಲೆ ಎಂದರೆ ನಮಗೂ ನ್ಯಾಯ, ಅವರಿಗೂ ನ್ಯಾಯ.

ಚೌಕಾಸಿ ಬಂದೇ ಬರುತ್ತದೆ. 'ಅಕ್ಕಾ, ಕಡಿಮಿ ಮಾಡ್ರಿ' ಎನ್ನುತ್ತಾರೆ, 'ಆಪಾ, ಥೋಡಾ ಕಮ್ ಕರೋ' ಎನ್ನುತ್ತಾರೆ. ಸಿಟ್ಟು ಮಾಡಬೇಡಿ. ನಿಮ್ಮ ಹತ್ತಿರ ಲೆಕ್ಕದ ಪುಸ್ತಕ ಇದ್ದರೆ ಎಲ್ಲಿಯವರೆಗೆ ಇಳಿಯಬಹುದು ಎಂದು ನಿಮಗೇ ಗೊತ್ತಿರುತ್ತದೆ. ಎರಡು ಸೆಟ್ ಕೊಂಡರೆ ಲಾಭದ 24ರಲ್ಲಿ ಹತ್ತು ಬಿಡಬಹುದು. ಕೂಲಿಯ 92ರಲ್ಲಿ ಒಂದು ರೂಪಾಯಿಯನ್ನೂ ಬಿಡಬೇಡಿ. ಕೂಲಿ ಕೊಡಲು ಒಪ್ಪದವರಿಗೆ ನಗುತ್ತಲೇ ಸಲಾಂ ಹೇಳಿ ಕಳುಹಿಸಿ.

ಕಲಿಯುವ ಆಸೆ ಇರುವವರಿಗೆ ಒಂದು ಸೂಚನೆ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟಿಯ ಮಾದರಿಯಲ್ಲೇ ಇಂಥ ಸಂಸ್ಥೆಗಳು ದೇಶದ ತುಂಬ ಬಂದಿವೆ. ಊಟ ವಸತಿ ಸಹಿತ ತರಬೇತಿ ಉಚಿತ. ಯಾವ ತರಬೇತಿ ಯಾವಾಗ ಎಂದು ಹೋಗಿ ವಿಚಾರಿಸಿ. ಜೋಯಿಡಾದ ದೂರದ ಹಳ್ಳಿಗಳಿಂದ ಬರುವುದು ಕಷ್ಟ ಎಂದು ಬಲ್ಲೆ. ಅಲ್ಲಿಂದ ಒಬ್ಬಳು ಕಲಿತು ಬಂದು ಹತ್ತು ಜನರಿಗೆ ಕಲಿಸಲಿ. ಹತ್ತೂ ಜನ ಕೂಡಿ ಒಂದೇ ದರಪಟ್ಟಿ ಮಾಡಿಕೊಳ್ಳಿ. ಒಬ್ಬಳು 185 ಎಂದಾಗ ಪಕ್ಕದವಳು 90ಕ್ಕೆ ಕೊಟ್ಟರೆ ಇಬ್ಬರೂ ಕೆಡುತ್ತಾರೆ. ನಮ್ಮ ಕೂಲಿಯನ್ನು ಇಳಿಸುವವರು ಬಹಳ ಸಲ ಅಂಗಡಿಯವರಲ್ಲ, ನಮ್ಮ ನೆರೆಯವರೇ.

ಕೊನೆಗೆ ಭಾಷೆಯ ಮಾತೊಂದನ್ನು ಹೇಳಿ ಮುಗಿಸುತ್ತೇನೆ. ಎರಡು ಭಾಷೆ ಕಲಿಸುವವಳಿಗೆ ಇದೊಂದು ಚಟ. ಕನ್ನಡದಲ್ಲಿ ಕಸುಬು ಎನ್ನುತ್ತೇವೆ. ಅದು ಅರಬ್ಬಿಯ 'ಕಸ್ಬ್', ಅಂದರೆ ಗಳಿಕೆ. ಗಳಿಕೆ ಇಲ್ಲದ್ದು ಕಸುಬು ಅಲ್ಲ, ಹವ್ಯಾಸ. ಹವ್ಯಾಸ ತಪ್ಪಲ್ಲ, ಆದರೆ ಮನೆ ನಡೆಯಬೇಕಾದವರಿಗೆ ಅದು ಸಾಲದು. ಹಾಗೆಯೇ ಉರ್ದುವಿನ 'ಕೀಮತ್' ನಮ್ಮ ಕಡೆಯ ಕನ್ನಡದಲ್ಲಿ ಕಿಮ್ಮತ್ತು ಆಯಿತು. ನಮ್ಮ ಜನ ಅದನ್ನು ಎರಡು ಅರ್ಥದಲ್ಲಿ ಆಡುತ್ತಾರೆ. ಒಂದು ಬೆಲೆ, ಇನ್ನೊಂದು ಮರ್ಯಾದೆ. 'ಅವರ ಮಾತಿಗೆ ಕಿಮ್ಮತ್ತು ಇದೆ' ಎನ್ನುತ್ತೇವೆ. ತನ್ನ ಕೆಲಸಕ್ಕೆ ತಾನೇ ಕಿಮ್ಮತ್ತು ಹೇಳಲಾರದವರಿಗೆ ಇನ್ನೊಬ್ಬರು ಹೇಗೆ ಕಿಮ್ಮತ್ತು ಕೊಟ್ಟಾರು?

ಹೊರಗೆ ಕುಳಿತ ಆ ಹುಡುಗಿಯ ಹತ್ತಿರ ನಾನು ಬಳೆ ಕೊಂಡಿಲ್ಲ. ಈ ಸಭೆ ಮುಗಿದ ಮೇಲೆ ಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದೇನೆ. ಮಗಳೇ, ನೀನು ಇಲ್ಲೇ ಎಲ್ಲೋ ಕುಳಿತು ಕೇಳುತ್ತಿದ್ದೀಯ ಎಂದುಕೊಂಡಿದ್ದೇನೆ. ಚಹಾದ ಹೊತ್ತಿನಲ್ಲಿ ಒಂದು ಹಾಳೆಯ ಮೇಲೆ ಸಾಮಾನು, ಹೊತ್ತು, ಕೂಲಿ ಬರೆದು ಲೆಕ್ಕ ಹಾಕು. ನಾನು ಬಂದು ಮತ್ತೆ ಎಷ್ಟು ಎಂದು ಕೇಳುತ್ತೇನೆ. ಈ ಸಲ 'ನೀವೇ ನೋಡಿ ಕೊಡ್ರಿ' ಎನ್ನಬೇಡ. ತಲೆ ಎತ್ತಿ ಬೆಲೆ ಹೇಳು. ನಾನು ಚೌಕಾಸಿ ಮಾಡುವುದಿಲ್ಲ.